ಎರವಲು ಬಾಯಿ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಆ ಮಾತಿಗೆ ಹಂಪಿಯಲ್ಲಿ ಯಾರನ್ನಾದರೂ ತೋರಿಸಬೇಕಿದ್ದರೆ ಗೈಡ್ ಜಂಬಯ್ಯನನ್ನೇ ತೋರಿಸಬೇಕಿತ್ತು. ಹೈಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಆದರೂ ತೆಲುಗಿನವರಿಗೆ ತೆಲುಗು, ಹಿಂದಿಯವರಿಗೆ ಹಿಂದಿ, ಬಿಳಿಯರಿಗೆ ತನ್ನದೇ ಆದ ಒಂದು ಇಂಗ್ಲಿಷು. ಗಜಶಾಲೆಯ ಮುಂದೆ ನಿಂತು ಅಲ್ಲಿ ಕಟ್ಟುತ್ತಿದ್ದ ಆನೆಗಳ ಹೆಸರನ್ನೆಲ್ಲ ಹೇಳುತ್ತಿದ್ದ. ಆ ಹೆಸರುಗಳನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಬೆಳಿಗ್ಗೆ ಚಹಾ ಕುಡಿಯುವಾಗ ಇಟ್ಟುಕೊಂಡು ಬರುತ್ತಿದ್ದ. ಗೈಡ್ ಆದವನು ಗೊತ್ತಿಲ್ಲ ಎನ್ನಬಾರದು, ಚೆನ್ನಾಗಿರುವುದನ್ನು ಎದುರಿಗೆ ತೋರಿಸಬೇಕು, ಮುರಿದುಬಿದ್ದದ್ದನ್ನು ಬೆನ್ನ ಹಿಂದೆ ಹಾಕಿಕೊಂಡು ನಿಲ್ಲಬೇಕು. ಇದು ಅವನ ಕಸುಬಿನ ಧರ್ಮ.

ಆ ಬಾಯಿಗೇ ಕ್ಯಾನ್ಸರ್ ಬಂತು. ಗುಟ್ಕಾ ಒತ್ತರಿಸಿಕೊಳ್ಳುತ್ತಿದ್ದ ಎಡಗೆನ್ನೆಯ ಒಳಗೇ ಬಂತು. ಬೆಂಗಳೂರಿನಲ್ಲಿ ಕೆನ್ನೆ ಕೊಯ್ದು, ತೊಡೆಯ ಮಾಂಸ ತಂದು ಹಚ್ಚಿ, ವಿಕಿರಣದ ಕರೆಂಟು ಕೊಟ್ಟು ಕಳಿಸಿದರು. ಜೀವ ಉಳಿಯಿತು. ಉಳಿದ ಜೀವದ ಜೊತೆ ಸೊಟ್ಟ ಮುಖ, ತುಟಿಯ ತುದಿಯಿಂದ ಸೋರುವ ಜೊಲ್ಲು, ಮತ್ತು ಬಾಯಲ್ಲಿ ಬಟ್ಟೆ ತುರುಕಿದ ಹಾಗೆ ಕೇಳುವ ಮಾತು ಮನೆಗೆ ಬಂದವು. ಆ ಮಾತು ಪೂರ್ತಿ ತಿಳಿಯುತ್ತಿದ್ದದ್ದು ಹೆಂಡತಿ ಉಚ್ಚೆಂಗಮ್ಮನಿಗೆ ಒಬ್ಬಳಿಗೇ. ಕಡ್ಡಿರಾಂಪುರದ ಮನೆಯ ಮುಂದೆ ಅವಳದು ಮಿರ್ಚಿ ಬಜ್ಜಿಯ ಅಂಗಡಿ. ಬಂದವರು ಜಂಬಯ್ಯನನ್ನು ಮಾತಾಡಿಸಿ, ಅವನು ಏನೋ ಅಂದು, ಅವರು ಅವಳ ಮುಖ ನೋಡಿದರೆ, ಬಾಣಲೆಯಿಂದ ಕಣ್ಣು ತೆಗೆಯದೆ ಅವಳು ಹೇಳುತ್ತಿದ್ದಳು: "ಮಳಿ ಬರಂಗೈತಿ ಅಂತಾರ." ನಾಲ್ಕು ಭಾಷೆಯ ಗೈಡಿಗೆ ಹೆಂಡತಿ ದುಭಾಷಿಯಾದಳು.

ಆಮೇಲಿನ ಆರೈಕೆಗೆಂದು ಹೊಸಪೇಟೆಯ ಆಸ್ಪತ್ರೆಯ ಸುನಿತಾ ಸಿಸ್ಟರ್ ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು.

"ನೋಡ್ರಿ ಜಂಬಯ್ಯನವರ, ಕ್ಯಾನ್ಸರ್ ದಾಟಿ ಬಂದವರು ಎಲ್ಲಾರೂ ಒಂದ ಥರ ಇರಂಗಿಲ್ಲ. ಒಬ್ಬರಿಗೆ ಕೈ ಊದತೈತಿ, ಒಬ್ಬರಿಗೆ ನಿದ್ದಿ ಬರಂಗಿಲ್ಲ. ನಿಮಗ ಬಾಯಿ ಬಿಗಿತೈತಿ. ಇದು ನಿಮ್ಮ ಬಾಯಿಗಂತನ ಮಾಡಿದ್ದು. ನೀವು ಇವತ್ತು ಏನ್ ಹೇಳ್ತೀರಿ, ಅದರ ಮ್ಯಾಲೆ ನಾಳಿ ಏನ್ ಮಾಡಬೇಕಂತ ಇದು ಹೇಳತೈತಿ."

ಮೊದಮೊದಲು ಅದು ಮಾತಿನಲ್ಲೇ ಕೇಳುತ್ತಿತ್ತು. 'ಜಂಬಯ್ಯ ಅವರೇ, ಇಂದು ನೋವು ಹೇಗಿದೆ?' ಅವನು ಹೇಳುತ್ತಿದ್ದ. 'ಕ್ಷಮಿಸಿ, ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ.' ಮತ್ತೊಮ್ಮೆ ಹೇಳುತ್ತಿದ್ದ. 'ಕ್ಷಮಿಸಿ.' ಹುಟ್ಟಿದ ಭಾಷೆಯಲ್ಲಿ ಒಂದು ಯಂತ್ರ ತನ್ನನ್ನು ಹೀಗೆ ಬಾಗಿಲ ಹೊರಗೆ ನಿಲ್ಲಿಸಿದ್ದಕ್ಕೆ ಅವನಿಗೆ ಅಳುವೇ ಬಂದಿತ್ತು. ಸಿಸ್ಟರ್ ಮಾತನ್ನು ಬಂದ್ ಮಾಡಿ, ಬರೀ ಫೋಟೊ ಸಾಕು ಎಂದು ಬದಲಾಯಿಸಿಕೊಟ್ಟರು. ದಿನಾ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತೂರಿಸಿ ಬಾಯಿ ಅಗಲಿಸಬೇಕು. ವಾರಕ್ಕೊಮ್ಮೆ ಹಲ್ಲುಗಳ ನಡುವೆ ಬೆರಳು ಅಡ್ಡ ಇಟ್ಟು ಫೋಟೊ ಕಳಿಸಬೇಕು. ಎಷ್ಟು ಬೆರಳು ಹಿಡಿಯುತ್ತದೆ ಎಂದು ಅದೇ ಅಳೆದು, ವ್ಯಾಯಾಮ, ಊಟ ಎಲ್ಲ ಹೇಳುತ್ತದೆ.

ಬಾಯಿ ಎರಡು ಬೆರಳಿಗೆ ಬಂದಿತ್ತು. ಹಾಗೇ ನಡೆದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಜಂಬಯ್ಯ ಮನೆಯ ಕಟ್ಟೆಯ ಮೇಲೆ ಕೂತು ಬಾಯಲ್ಲಿ ಕಡ್ಡಿ ಸಿಗಿಸಿಕೊಂಡು, ಕಣ್ಣು ಮುಚ್ಚಿ ನೋವು ತಡೆದುಕೊಳ್ಳುತ್ತಿದ್ದ. ಜೊಲ್ಲು ಕುತ್ತಿಗೆಗೆ ಇಳಿದಿತ್ತು. ಕಣ್ಣು ಬಿಟ್ಟರೆ ಎದುರಿಗೆ ಸೈಕಲ್ ಹಿಡಿದು ನಿಂತ ಒಬ್ಬ ಬಿಳಿಯ ಹೆಂಗಸು ಫೋಟೊ ಹೊಡೆಯುತ್ತಿದ್ದಾಳೆ! ಇವನು ಯಾವುದೋ ವ್ರತ ಹಿಡಿದ ಸಾಧು ಎಂದುಕೊಂಡಳೋ ಏನೋ, ಹೊಡೆದಾದ ಮೇಲೆ ಕೈಮುಗಿದಳು ಬೇರೆ. ಇಷ್ಟು ವರ್ಷ ಊರಿನ ಕಲ್ಲುಗಳನ್ನು ಪರದೇಶದವರಿಗೆ ತೋರಿಸಿದವನು ಅವತ್ತು ತಾನೇ ನೋಡುವ ವಸ್ತುವಾದ. ಆ ನಾಚಿಕೆ ಅವನ ಮೈಯನ್ನು ಸುಟ್ಟುಬಿಟ್ಟಿತು. ಒಳಗೆ ಹೋಗಿ ಕಡ್ಡಿಗಳನ್ನೆಲ್ಲ ಒಲೆಗೆ ಹಾಕಿದ. ಅಂದಿನಿಂದ ಹೆಗಲ ಮೇಲಿದ್ದ ಟವೆಲ್ಲು ಮುಖಕ್ಕೇರಿತು, ಊಟ ಗೋಡೆಯ ಕಡೆ ತಿರುಗಿತು. ಹೆಂಡತಿಗೂ ಬೆನ್ನು.

ಆದರೆ ಸೋಮವಾರ ಬರುವುದು ತಪ್ಪುತ್ತದೆಯೇ? ಫೋನು ಟಿಣ್ ಎಂದಿತು, ಈ ವಾರದ ಫೋಟೊ ಕೊಡಿ ಎಂದಿತು. ಕನ್ನಡಿಯ ಮುಂದೆ ನಿಂತರೆ ಎರಡನೆಯ ಬೆರಳು ಒಳಗೆ ಹೋಗುತ್ತಿಲ್ಲ. ಇದನ್ನು ಕಳಿಸಿದರೆ ಸಿಸ್ಟರ್ ಹೆಂಡತಿಗೆ ಫೋನ್ ಮಾಡುತ್ತಾರೆ, ಹೆಂಡತಿ ಕಡ್ಡಿ ಹಿಡಿದು ಎದುರಿಗೆ ಕೂರುತ್ತಾಳೆ. ಏನು ಮಾಡಲಿ ಎಂದು ಬಾಗಿಲಲ್ಲಿ ನಿಂತಾಗಲೇ ಓಬಳೇಶನ ಆಟೊ ಬಂತು.

ಓಬಳೇಶ ಉಚ್ಚೆಂಗಮ್ಮನ ತಮ್ಮ. ಮೊದಲು ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ನಿದ್ದೆ ಬಾರದಿರಲೆಂದು ಅಲ್ಲಿ ಗುಟ್ಕಾ ಕಲಿತ. ಲಾರಿ ಬಿಟ್ಟು ಹೊಸಪೇಟೆ-ಹಂಪಿ ಆಟೊ ಹಿಡಿದ ಮೇಲೂ ಗುಟ್ಕಾ ಅವನನ್ನು ಬಿಡಲಿಲ್ಲ. ಮಾವನ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಕೈಸನ್ನೆ. ಫೋನು ತೋರಿಸಿ, ಬೆರಳು ತೋರಿಸಿ, 'ನಿನ್ನ ಬಾಯಿ ಒಂಚೂರು ಕೊಡೋ' ಎಂದು ಜಂಬಯ್ಯ ಕೇಳಿದಾಗ ಅವನು ಬಿದ್ದು ಬಿದ್ದು ನಕ್ಕ.

"ಬಾಡಿಗಿ ಎಷ್ಟ್ ಕೊಡ್ತಿ ಮಾವ? ಹಂಪಿ ಸೀಟಿಗೊಂದು ರೇಟು, ಬಾಯಿಗೊಂದು ರೇಟು. ಅಕ್ಕಗ ಗೊತ್ತಾದ್ರ ಇಬ್ಬರನ್ನೂ ಬಜ್ಜಿ ಕರೀತಾಳ ನೋಡು."

ನಕ್ಕರೂ ಬಾಯಿ ಮುಕ್ಕಳಿಸಿ ಬಂದು, ಹಲ್ಲುಗಳ ನಡುವೆ ಮೂರು ಬೆರಳು ನಿಲ್ಲಿಸಿದ. ಫೋನು ಗಂಟೆ ಬಾರಿಸಿ ಹೊಗಳಿತು: 'ಅಭಿನಂದನೆಗಳು ಜಂಬಯ್ಯ ಅವರೇ. ಉತ್ತಮ ಪ್ರಗತಿ.'

ಆಮೇಲೆ ಪ್ರತಿ ಸೋಮವಾರ ಓಬಳೇಶನ ಬಾಯಿ ಎರವಲು ಬಂತು. ಯಾರಿಗೇನು ನಷ್ಟ ಎಂದುಕೊಂಡ ಜಂಬಯ್ಯ. ನೋಡುವವರಿಗೆ ಚೆಂದದ್ದು ಬೇಕು, ಕೊಟ್ಟಿದ್ದೇನೆ. ಗೈಡಿನ ಬುದ್ಧಿ ಅದು, ಯಂತ್ರವನ್ನೂ ಅವನು ಪ್ರವಾಸಿ ಎಂದೇ ತಿಳಿದ.

ನಷ್ಟ ಊಟದ ತಟ್ಟೆಗೇ ಬಂತು. ಬಾಯಿ ಚೆನ್ನಾಗಿ ತೆರೆಯುತ್ತಿದೆ ಎಂದು ನಂಬಿದ ಫೋನು ವ್ಯಾಯಾಮ ಕಡಿಮೆ ಮಾಡಿತು, ಇನ್ನು ಮೆತ್ತನೆಯ ರೊಟ್ಟಿ ತಿನ್ನಬಹುದು ಎಂದಿತು. ಅದನ್ನು ಓದಿದ ಉಚ್ಚೆಂಗಮ್ಮನ ಸಂತೋಷ ನೋಡಬೇಕಿತ್ತು! ಬಜ್ಜಿಗೆ ಬಂದವರಿಗೆಲ್ಲ ಮೂರು ಬೆರಳು ಎತ್ತಿ ತೋರಿಸಿದಳು. ಕಂಪ್ಲಿಯ ತಂಗಿಗೆ ಫೋನ್ ಮಾಡಿ ಹೇಳಿದಳು. ಅನ್ನ ಅರೆದು ಗಂಜಿ ಮಾಡುವುದನ್ನು ಬಿಟ್ಟು, ಕೈ ಸುಟ್ಟುಕೊಂಡು ಪದರು ಪದರಾದ ರೊಟ್ಟಿ ಮಾಡಿ ಬಡಿಸಿದಳು. ಜಂಬಯ್ಯ ಗೋಡೆಗೆ ಮುಖ ಮಾಡಿ ಸಾರಿನ ನೀರು ಹೀರಿ, ರೊಟ್ಟಿಯನ್ನು ಟವೆಲ್ಲಿನಲ್ಲಿ ಸುತ್ತಿ ಹಿತ್ತಲಿನ ನಾಯಿಗೆ ಹಾಕಿದ. ನಾಯಿ ದುಂಡಗಾಯಿತು, ಜಂಬಯ್ಯ ಒಣಗಿದ. ರೊಟ್ಟಿ ತಿಂದೂ ಯಾಕೆ ಸೊರಗುತ್ತಾರೆ ಎಂದು ಅವಳು ಚಿಂತೆ ಮಾಡುವಾಗ ಅವನಿಗೆ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಆದರೂ ಹೇಳಲಿಲ್ಲ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಹೇಳುವುದು ಸುಲಭ, ಮೊದಲನೆಯದನ್ನು ಬಿಡಿಸಿಕೊಳ್ಳುವುದೇ ಕಷ್ಟ.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಫೋನು ಹೊಸದೊಂದು ಕೇಳಿತು. ಆಪರೇಷನ್ ಆಗದ ಬಲಗೆನ್ನೆಯ ಒಳಭಾಗವನ್ನು ಬ್ಯಾಟರಿ ಬೆಳಕು ಹಾಕಿ ಫೋಟೊ ತೆಗೆದು ಕಳಿಸಬೇಕು. ಓಬಳೇಶ ಅದಕ್ಕೂ ಕೆನ್ನೆ ಎಳೆದು ಹಿಡಿದ.

ಅಮಾವಾಸ್ಯೆಯ ಬೆಳಿಗ್ಗೆ ಸುನಿತಾ ಸಿಸ್ಟರ್ ಅವರೇ ಫೋನ್ ಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಜಂಬಯ್ಯ ಟವೆಲ್ಲು ಸರಿಮಾಡಿಕೊಂಡು ಫೋನನ್ನು ಕಿವಿಗಿಟ್ಟ.

"ಜಂಬಯ್ಯನವರ, ಹೆದರಬ್ಯಾಡ್ರಿ, ಆದ್ರ ತಡಾನೂ ಮಾಡಬ್ಯಾಡ್ರಿ. ಬಲಗಡಿ ಕೆನ್ನಿಯೊಳಗ ಬಿಳಿ ಕಲಿ ಕಾಣ್ತೈತಿ. ಡಾಕ್ಟ್ರೂ ನೋಡ್ಯಾರ. ಸಣ್ಣ ತುಣುಕು ತಗದು ಟೆಸ್ಟ್ ಮಾಡಬೇಕು. ನಾಳಿ ಬರ್ರಿ, ಮನಿಯವರನ್ನೂ ಕರಕೊಂಡು ಬರ್ರಿ. ಕೇಳಿಸ್ತಲ್ಲ?"

"ಹ್ಞೂಂ" ಎಂದ.

ಮೊದಲು ಅವನಿಗೆ ಆದದ್ದು ನೆಮ್ಮದಿ. ನನ್ನದಲ್ಲ, ನನ್ನದಲ್ಲ ಎಂದು ಎದೆ ಹಗುರಾಯಿತು. ಮರುಗಳಿಗೆಗೆ ಅದು ಯಾರದು ಎಂಬುದು ನೆನಪಾಯಿತು. ನಗುನಗುತ್ತ ಬಾಯಿ ಕೊಟ್ಟವನದು, ಆಪರೇಷನ್ ದಿನಗಳಲ್ಲಿ ಆಸ್ಪತ್ರೆಯ ನೆಲದ ಮೇಲೆ ಮಲಗಿ ಕಾದವನದು. ಅಂಥವನ ಬಾಯಲ್ಲಿ ರೋಗ ಇದೆ ಎಂದಾಗ ತನಗೆ ನೆಮ್ಮದಿಯಾಯಿತಲ್ಲ! ತನ್ನ ಬಗ್ಗೆ ಅವನಿಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಮಲಪನಗುಡಿಯಲ್ಲಿ ಅತ್ತೆ ಹುಲಿಗೆಮ್ಮನ ಹೊಲ, ಅರ್ಧ ಬಾಳೆ, ಅರ್ಧ ಜೋಳ. ಎಳ್ಳಮಾವಾಸ್ಯೆಯಂದು ಮನೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಉಣ್ಣಬೇಕು. ಹಿಂದೆಲ್ಲ ಚರಗ ಚೆಲ್ಲುವಾಗ ಕೂಗು ಹಾಕುತ್ತಿದ್ದವನು ಜಂಬಯ್ಯ. ಈ ಸಲ ಓಬಳೇಶ ಹಾಕಿದ. ಹೊಲ ಸುತ್ತಿ ಮುಗಿದ ಮೇಲೆ ಜಂಬಯ್ಯ ಅವನನ್ನು ಬಾಳೆಯ ಮರೆಗೆ ಕರೆದೊಯ್ದು, ಸನ್ನೆಯಲ್ಲೂ ಮಾತಿನಲ್ಲೂ ಸಿಸ್ಟರ್ ಹೇಳಿದ್ದನ್ನು ಹೇಳಿದ.

ಓಬಳೇಶನ ಕೆನ್ನೆಯಲ್ಲಿ ಆಗಲೂ ಗುಟ್ಕಾ ಇತ್ತು. "ಹೋಗ್ ಮಾವ. ಆ ಫೋನು ಹೇಳಿದ್ದು ನಿನಗ, ನನಗಲ್ಲ. ನಿನ್ನ ಬಾಯಿ ಮೂರು ಬೆರಳು ತೆರೀತೈತಿ ಅಂತನೂ ಅದ ಹೇಳೈತಿ. ಅದು ಖರೇ ಏನು? ಅದು ಸುಳ್ಳಾದ್ರ ಇದೂ ಸುಳ್ಳು." ಉಗುಳಿ, ಬಾಯಿ ಒರೆಸಿಕೊಂಡು ಊಟದ ಸಾಲಿನ ಕಡೆಗೆ ಹೊರಟೇಬಿಟ್ಟ.

ತನ್ನ ಸುಳ್ಳೇ ಎದುರು ನಿಂತು ಸಾಕ್ಷಿ ಹೇಳಿದರೆ ಏನು ಮಾಡುವುದು? ಓಬಳೇಶ ಈ ಭೂಮಿಯ ಮೇಲೆ ಹೆದರುವುದು ತಾಯಿಯೊಬ್ಬಳಿಗೆ. ಅವಳಿಗೆ ಹೇಳಬೇಕೆಂದರೆ ಎಲ್ಲವನ್ನೂ ಹೇಳಬೇಕು. ನಾಳೆ ಹೇಳಿದರಾಯಿತು ಎಂದು ಮನಸ್ಸು ಜಗ್ಗಿತು. ಆದರೆ ಇವತ್ತು ಹೇಳದಿದ್ದರೆ ನಾಳೆ ಹೇಳುವ ಗಂಡಸು ತಾನಲ್ಲ ಎಂಬುದು ಜಂಬಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಸಾಲಿನಲ್ಲಿ ಹುಲಿಗೆಮ್ಮ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಡಿಸುತ್ತ ಬಂದಳು. ಅಳಿಯನ ಎಲೆಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಮೂರು ಬೆರಳು ಬಾಯಿ ತೆರೀತಂತ. ಇವತ್ತ ಗ್ವಾಡಿ ಇಲ್ಲ, ಗೀಡಿ ಇಲ್ಲ. ನಮ್ಮ ಕಣ್ಣ ಮುಂದ ಉಣ್ಣಪ ನನ್ನಪ್ಪ. ನೋಡಿ ಕಣ್ಣು ತಣ್ಣಗಾಗಲಿ."

ಎಲ್ಲರೂ ಕೈ ತಡೆದು ಅವನ ಕಡೆಗೆ ನೋಡಿದರು. ಕಂಪ್ಲಿಯಿಂದ ಬಂದ ನಾದಿನಿಯೂ ನೋಡಿದಳು. ಉಚ್ಚೆಂಗಮ್ಮನ ಮುಖದಲ್ಲಿ ಹಬ್ಬವೇ ಇತ್ತು.

ಜಂಬಯ್ಯ ಎದ್ದು ನಿಂತು ಹೆಂಡತಿಗೆ ಹೇಳಿದ. ಅವಳು ನಗುತ್ತ ಎಲ್ಲರ ಕಡೆ ತಿರುಗಿದಳು. "ಅವರು ಹೇಳಿದ್ದನ್ನ ಹಂಗ ಹೇಳಬೇಕಂತ. ಒಂದಕ್ಷರ ಬಿಡಬಾರದಂತ. ಗೈಡಲ್ಲೇನವಾ, ಭಾಷಣ ಐತಿ!"

ಅವನು ಮುಂದಿನ ಮಾತು ಹೇಳಿದ.

"ಆ ಫೋಟೊ ಇವರದಲ್ಲಂತ" ಎಂದಳು ಉಚ್ಚೆಂಗಮ್ಮ. ಬಾಯಿ ಮೊದಲು ಹೇಳಿಬಿಟ್ಟಿತ್ತು, ಅರ್ಥ ಆಮೇಲೆ ಬಂದು ಅವಳನ್ನು ಮುಟ್ಟಿತು. ನಗು ಮುಖದ ಮೇಲೆ ಹಾಗೇ ಉಳಿಯಿತು, ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. "ಏನಂತೀರಿ?"

ಹೇಳು ಎಂದು ಅವನು ಕೈ ಮಾಡಿದ.

"ಓಬಳೇಶನ ಬಾಯಿ ಅಂತ. ಎಲ್ಲಾ ಸೋಮವಾರದ್ದೂ." ಅವಳ ದನಿ ಇಳಿಯಿತು. "ಇವರ ಬಾಯಿ ತೆರೆಯಂಗಿಲ್ಲಂತ. ಕಡ್ಡಿ ಒಲಿಗೆ ಹಾಕ್ಯಾರಂತ, ನಾಚಿಕಿಗೆ. ರೊಟ್ಟಿ..." ಅಲ್ಲಿ ನಿಂತಳು. ಸೆರಗನ್ನು ಬಾಯಿಗೆ ಒತ್ತಿ, ಮತ್ತೆ ತೆಗೆದಳು. "ನಾ ಮಾಡಿದ ರೊಟ್ಟಿ ದಿನಾ ನಾಯಿಗೆ ಹಾಕ್ಯಾರಂತ."

ಜಂಬಯ್ಯ ಬರೀ ರೊಟ್ಟಿ ಎಂದಿದ್ದ. 'ನಾ ಮಾಡಿದ' ಎಂಬುದನ್ನು ಮಾತ್ರ ಅವಳು ತನ್ನ ಕಡೆಯಿಂದ ಸೇರಿಸಿದಳು.

"ಓಬಳೇಶನ ಬಲಗೆನ್ನ್ಯಾಗ ಬಿಳಿ ಕಲಿ ಐತಂತ. ಸಿಸ್ಟರ್ ಫೋನ್ ಮಾಡಿದ್ರಂತ, ನಾಳೇನ ಬರ್ರಿ ಅಂತ. ಇವರಿಗೂ ಮೊದಲು ಹಂಗ ಇತ್ತಂತ. ಕರಕೊಂಡು ಹೋಗ್ರಿ ಅಂತಾರ, ಕೈ ಮುಗೀತೀನಿ ಅಂತಾರ."

ಓಬಳೇಶ ಎಲೆ ಬಿಟ್ಟು ಎದ್ದ. "ಸುಳ್ಳಬೇ! ಮಾವಗ ಹೆದರಿಕಿ, ತನ್ನ ರೋಗ ನನ್ನ ಮ್ಯಾಲೆ ಹಾಕ್ತಾನ. ನನ್ನ ಬಾಯಿ ಎಂದೂ ಕೊಟ್ಟಿಲ್ಲ."

ಇನ್ನು ಮಾತು ಸಾಲದು ಎಂದು ಜಂಬಯ್ಯನಿಗೆ ತಿಳಿಯಿತು. ಟವೆಲ್ಲು ತೆಗೆದು ಹೊಲದ ಮಣ್ಣಿನ ಮೇಲೆ ಹಾಕಿದ. ಹಾಡುಹಗಲು, ಅತ್ತೆಯ ಎದುರು, ನಾದಿನಿಯ ಎದುರು, ಬಾಯಿ ತೆರೆದ. ಒಂದು ಬೆರಳು ಇಟ್ಟು ತೋರಿಸಿದ, ಅದೂ ಉಗುರು ಮುಳುಗುವಷ್ಟೇ ಹೋಯಿತು. ತಳ್ಳಿದ, ನೋವಿಗೆ ಕಣ್ಣಲ್ಲಿ ನೀರು ಬಂತು, ಜೊಲ್ಲು ಕೈಯುದ್ದಕ್ಕೂ ಇಳಿದು ಎಲೆಯ ಮೇಲೆ ಹನಿಯಿತು. ಮುಖ ಮುಚ್ಚಿಕೊಳ್ಳಲಿಲ್ಲ. ಎಲ್ಲರೂ ನೋಡುವಷ್ಟು ಹೊತ್ತು ಹಾಗೇ ನಿಂತ. ಕಂಪ್ಲಿಯ ನಾದಿನಿ ಮುಖ ತಿರುಗಿಸಿದಳು.

ಹುಲಿಗೆಮ್ಮ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಎತ್ತಿನ ಹಲ್ಲು ನೋಡುವವರ ಹಾಗೆ ಮಗನ ದವಡೆ ಹಿಡಿದು, "ತೆರಿಯಲೇ" ಎಂದಳು. ಬಿಸಿಲಿಗೆ ತಿರುಗಿಸಿ ಕೆನ್ನೆ ಎಳೆದು ನೋಡಿದಳು. ಒಳಗೆ ಬೆಳ್ಳಗೆ, ಹಾಲಿನ ಕೆನೆ ಅಂಟಿದ ಹಾಗೆ ಇತ್ತು. ಅವಳು ಅವನ ಅಂಗಿಯ ಜೇಬಿಗೆ ಕೈಹಾಕಿ ಗುಟ್ಕಾದ ಪೊಟ್ಟಣಗಳನ್ನೆಲ್ಲ ತೆಗೆದು ಹೊಲದ ಅಂಚಿನ ಕಾಲುವೆಗೆ ಎಸೆದಳು. ಓಬಳೇಶ ಅಲ್ಲೇ ಕುಸಿದು ಕೂತ. ಅವತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಓಬಳೇಶನ ಕೆನ್ನೆಯಿಂದ ತುಣುಕು ತೆಗೆದರು. ವಾರದ ಮೇಲೆ ಫಲಿತಾಂಶ ಬಂತು. ಇನ್ನೂ ಕ್ಯಾನ್ಸರ್ ಆಗಿಲ್ಲ, ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು ಎಂದರು ಡಾಕ್ಟರು. ಗುಟ್ಕಾ ಮುಟ್ಟಕೂಡದು, ಆ ಕಲೆಯನ್ನು ತೆಗೆದುಹಾಕಬೇಕು, ಮೇಲಿಂದ ಮೇಲೆ ಬಂದು ತೋರಿಸಬೇಕು. ಓಬಳೇಶ ಹೊರಗೆ ಬಂದವನೇ ಜಂಬಯ್ಯನ ಕಾಲು ಮುಟ್ಟಿದ. "ಮಾವ, ನೀನು ಸುಳ್ಳು ಹೇಳಿದ್ದಕ್ಕ ನಾ ಉಳಿದೆ" ಎಂದ. ಅವನು ಮನಸಾರೆ ಹೇಳಿದ್ದೇ. ಜಂಬಯ್ಯ ಮಾತ್ರ ಚೇಳು ಕುಟುಕಿದವನ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡ. ಒಳ್ಳೆಯದಾಯಿತು, ನಿಜ. ಆದರೆ ಒಳ್ಳೆಯದು ಮಾಡಲೆಂದು ಅವನು ಮಾಡಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ಪಕ್ಕದಲ್ಲಿ ನಿಂತ ಹೆಂಡತಿಗೂ ಗೊತ್ತಿತ್ತು. ಹೊಲದಿಂದ ಬಂದ ಮೇಲೆ ಅವಳು ಮೊದಲಿನಂತೆ ಗಂಜಿ ಮಾಡಿ ಇಟ್ಟಿದ್ದಳು, ನೀರು ಕಾಸಿ ಕೊಟ್ಟಿದ್ದಳು. ಮಾತು ಮಾತ್ರ ಆಡಿರಲಿಲ್ಲ.

ಓಬಳೇಶನನ್ನು ಆಟೊದ ಹತ್ತಿರ ಕಳಿಸಿ ಸುನಿತಾ ಸಿಸ್ಟರ್ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡರು. ಜಂಬಯ್ಯನ ಬಾಯಿಯನ್ನು ತಾವೇ ಅಳೆದರು.

"ಇಷ್ಟು ದಿನ ಅದು ಓಬಳೇಶನ ಬಾಯಿ ನೋಡಿ ನಿಮಗ ಊಟ ಹೇಳೈತ್ರಿ" ಎಂದರು. "ನಿಮ್ಮ ಬಾಯಿಗೆ ದಿಕ್ಕ ಇರಲಿಲ್ಲ. ನಮ್ದೂ ತಪ್ಪೈತಿ. ನೋವು ಎಷ್ಟು, ಬೆರಳು ಎಷ್ಟು ಅಂತ ಕೇಳಿದ್ವಿ. ನಾಚಿಕಿ ಆಗತೈತೇನು ಅಂತ ಕೇಳಾಕ ಅದರಾಗ ಜಾಗಾನ ಇಟ್ಟಿಲ್ಲ. ಒಮ್ಮೆ ಕರಸಿ ನೋಡಬೇಕಿತ್ತು."

ಜಂಬಯ್ಯ ನೆಲ ನೋಡಿದ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

"ಆಗಲಿ, ಮತ್ತ ಮೊದಲಿಂದ ಚಾಲೂ ಮಾಡೂಣು. ಮೊದಲಿನಷ್ಟ ಸುಲಭ ಅಲ್ಲ, ಭಾಳ ನೋಯತೈತಿ. ಈ ಸಲ ದಿನಾ ಎದುರಿಗೆ ಕುಂತು ನೋಡಾಕ ಒಬ್ಬರು ಬೇಕು. ಅವರ ಫೋನಿಗೂ ಇದನ್ನ ಹಾಕಿಕೊಡ್ತೀನಿ. ಯಾರ ಹೆಸರು ಹಾಕಲಿ?"

"ನನ್ನ ಹೆಸರು ಬ್ಯಾಡ್ರಿ ಸಿಸ್ಟರ್" ಎಂದಳು ಉಚ್ಚೆಂಗಮ್ಮ ಥಟ್ಟನೆ. ವಾರದಿಂದ ಒಳಗೇ ಕುದಿಯುತ್ತಿದ್ದದ್ದು ಹೊರಬಂತು. "ತಮ್ಮನ ಮುಂದ ಬಾಯಿ ಬಿಟ್ರು, ಊರ ಮುಂದ ಬಿಟ್ರು. ನನ್ನ ಮುಂದ ಒಂದ ದಿನ ಬಿಡಲಿಲ್ಲ. ಇವರ ಬಾಯಿ ಸೊಟ್ಟ ಆದಾಗ ನಾ ಏನ್ ಬಿಟ್ಟು ಹೋಗಿದ್ನೇನು? ಇವರು ಅನ್ನೂ ಎಲ್ಲಾ ಮಾತು ನನಗ ತಿಳೀತಾವಂತ ಹೆಮ್ಮಿ ಪಟ್ಟಿದ್ದೆ. ಖರೇ ಮಾತು ನನಗ ಎಂದೂ ಹೇಳಿರಲಿಲ್ಲ. ನಾ ಎದುರಿಗೆ ಕುಂತ್ರ ಇವರಿಗೆ ನಾಚಿಕಿ. ಬ್ಯಾಡ."

ಜಂಬಯ್ಯ ಟವೆಲ್ಲನ್ನು ಮುಖದಿಂದ ಇಳಿಸಿದ. ಹೆಂಡತಿಯ ಕಡೆ ತಿರುಗಿ ಕೂತು, ಬಿಗಿದ ದವಡೆಯ ಸಂದಿಯಿಂದ, ಜೊಲ್ಲು ಒರೆಸಿಕೊಳ್ಳದೆ, ಏನೋ ಹೇಳಿದ. ಎರಡು ಮಾತು. ಸಿಸ್ಟರ್‌ಗೆ ಒಂದೂ ತಿಳಿಯಲಿಲ್ಲ.

"ಏನಂತಾರ್ರಿ?" ಎಂದು ಕೇಳಿದರು.

ಉಚ್ಚೆಂಗಮ್ಮ ಮೂಗು ಒರೆಸಿಕೊಂಡು ತನ್ನ ಫೋನನ್ನು ಮೇಜಿನ ಮೇಲಿಟ್ಟಳು.

"ನನ್ನ ಹೆಸರ ಹಾಕ್ರಿ ಅಂತಾರ" ಎಂದಳು.

ಅದು ಅವನು ಹೇಳಿದ ಎರಡನೆಯ ಮಾತು. ಮೊದಲನೆಯದನ್ನು ಅವಳು ಸಿಸ್ಟರ್‌ಗೆ ಹೇಳಲಿಲ್ಲ.